ಪಾನಶೇತ್ ಒಡೆದ ಮೇಲೆ ಪುಣೆ ಏನು ಕುಡಿಯಿತು?

2019ರ ಸೆಪ್ಟೆಂಬರ್ 25ರ ರಾತ್ರಿಯ ಮಳೆಯನ್ನು ಪುಣೆಯ ದಕ್ಷಿಣ ಭಾಗದಲ್ಲಿರುವ ನಾವು ಯಾರೂ ಮರೆತಿಲ್ಲ. ಕಾತ್ರಜ್ ಗುಡ್ಡದಿಂದ ಇಳಿದು ಬರುವ ಅಂಬಿಲ್ ಓಢಾ (ಓಢಾ ಅಂದರೆ ಮರಾಠಿಯಲ್ಲಿ ಹಳ್ಳ) ಕೆಲವೇ ಗಂಟೆಗಳಲ್ಲಿ ಉಕ್ಕಿ, ಗೋಡೆಗಳನ್ನು ಕೆಡವಿ, ಕಾರುಗಳನ್ನು ತೇಲಿಸಿಕೊಂಡು ಹೋಯಿತು. ಹಲವರು ಪ್ರಾಣ ಕಳೆದುಕೊಂಡರು. ನಮ್ಮ ಕಟ್ಟಡ ಹಳ್ಳದಿಂದ ಸ್ವಲ್ಪ ಎತ್ತರದಲ್ಲಿದೆ. ಆದರೂ ನೆಲಮಾಳಿಗೆಗೆ ನೀರು ನುಗ್ಗಿತು. ವಿದ್ಯುತ್ ಮೀಟರುಗಳಿದ್ದುದು ಅಲ್ಲಿಯೇ, ಕುಡಿಯುವ ನೀರಿನ ಸಂಪ್ ಇದ್ದುದೂ ಅಲ್ಲಿಯೇ. ಎರಡೂವರೆ ದಿನ ಕರೆಂಟ್ ಇರಲಿಲ್ಲ.

ನನ್ನ ಕೆಲಸದ ವಿಷಯ ಇಲ್ಲಿ ಹೇಳಲೇಬೇಕು. ಆಫೀಸಿನಲ್ಲಿ ವಿಪತ್ತಿನ ತಾಲೀಮು ನಡೆಸುವವನು ನಾನೇ. ಪುಣೆಯ ಸರ್ವರ್ ಬಿದ್ದರೆ ಹೈದರಾಬಾದಿನದು ನಾಲ್ಕು ಗಂಟೆಯೊಳಗೆ ಏಳಬೇಕು. ಯಾರು ಯಾರಿಗೆ ಫೋನ್ ಮಾಡಬೇಕು, ಆ ಫೋನೂ ಹತ್ತದಿದ್ದರೆ ಮುಂದೇನು ಎಂದು ನಲವತ್ತು ಪುಟದ ಕಡತ ಬರೆದಿಟ್ಟವನು. ಇಂಥವನ ಮನೆಯಲ್ಲಿ ಆ ದಿನ ಇದ್ದುದು ಒಂದು ಇಂಡಕ್ಷನ್ ಒಲೆ, ಒಂದು ಆರ್‌ಒ ಯಂತ್ರ ಮತ್ತು ಮೂರು ಬಾಟಲಿ ನೀರು. ಗ್ಯಾಸ್ ಸಿಲಿಂಡರನ್ನು ಹಿಂದಿನ ವರ್ಷವಷ್ಟೇ ವಾಪಸು ಕೊಟ್ಟಿದ್ದೆವು. ಅಡಿಗೆಮನೆ ಚೊಕ್ಕಟವಾಗಿ ಕಾಣುತ್ತಿತ್ತು.

ಮರುದಿನ ಮಧ್ಯಾಹ್ನ ಧಾರವಾಡದಿಂದ ಅವ್ವನ ಫೋನ್ ಬಂತು.

"ನೀರು ಕಾಸಿ ಕುಡೀರಿ ಅಂತ ಹೇಳಲಿಕ್ಕೆ ಮಾಡೀನಪಾ."

"ಕರೆಂಟಿಲ್ಲವ್ವಾ, ಹೆಂಗ ಕಾಸೂದು?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಿಜವಾಗಿಯೂ ತಿಳಿಯದೆ ಕೇಳಿದಳು: "ನೀರು ಕಾಸಲಿಕ್ಕೆ ಕರೆಂಟ್ ಯಾಕಪಾ ಬೇಕು?"

ಅಂದು ಸಂಜೆ ಜನರೇಟರ್ ಹಚ್ಚಿ ಅರ್ಧ ಗಂಟೆ ಪಂಪ್ ನಡೆಸಿದರು. ನಲ್ಲಿಯಲ್ಲಿ ಬಂದ ನೀರು ಕಣ್ಣಿಗೆ ತಿಳಿಯಾಗಿಯೇ ಇತ್ತು. ಅಂಗಡಿಗಳಲ್ಲಿ ಬಾಟಲಿ ನೀರು ಮುಗಿದಿತ್ತು. ಬಟ್ಟೆಯಲ್ಲಿ ಸೋಸಿ ಅದನ್ನೇ ಕುಡಿದೆವು. ನಾಲ್ಕು ವಾರದ ಮೇಲೆ ಮಗಳ ಕಣ್ಣು ಹಳದಿಯಾಯಿತು. ಆಗ ಅವಳಿಗೆ ಎಂಟು ವರ್ಷ. ಕಾಮಾಲೆ; ಪರೀಕ್ಷೆಯಲ್ಲಿ ಹೆಪಟೈಟಿಸ್ ಎ ಎಂದು ಬಂತು. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು ಎರಡರಿಂದ ಏಳು ವಾರ ಬೇಕು. ಹಾಗಾಗಿ ಆ ನೀರಿನಿಂದಲೇ ಬಂತೆಂದು ಯಾರೂ ಆಣೆ ಮಾಡಿ ಹೇಳಲಾರರು. ಆದರೆ ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಮಳೆಯ ವಾರದಲ್ಲಿ ನೀರು ಕಾಸಿ ಕುಡಿದಿರಾ?" ನಾನು ನೆಲ ನೋಡಿದೆ.

ಮಗಳು ಗುಣವಾದಳು. ಅವಳು ಮಲಗಿದ್ದ ಆ ತಿಂಗಳಲ್ಲಿ ಎರಡನೆಯ ಮಹಡಿಯ ಆಜಿ ದಿನಾ ಗಂಜಿ ತಂದು ಕೊಡುತ್ತಿದ್ದರು. ಮಳೆಯ ದಿನಗಳಲ್ಲಿ ಅವರ ಮನೆಯಲ್ಲಿ ಗ್ಯಾಸ್ ಒಲೆಯ ಮೇಲೆ ಎರಡು ಪಾತೇಲೆ ನೀರು ಸದಾ ಕುದಿಯುತ್ತಿತ್ತಂತೆ. "ನೀವು ಕೇಳಲಿಲ್ಲ, ನಾನು ನಿಮ್ಮಲ್ಲೂ ಇರುತ್ತದೆ ಅಂದುಕೊಂಡೆ," ಎಂದರು. ಹೌದು, ಕೇಳಬಹುದಿತ್ತು, ಕೇಳಲಿಲ್ಲ. ಅವರಿಗೆ ಈ ಬುದ್ಧಿ ಎಲ್ಲಿಂದ ಬಂತು ಎಂದು ವಿಚಾರಿಸಿದಾಗ ಒಂದೇ ಮಾತು ಹೇಳಿದರು: "ನಾನು ಪಾನಶೇತ್ ನೋಡಿದವಳು."

ಪುಣೆಯಲ್ಲಿ ಒಂದು ತಲೆಮಾರು ಕಾಲವನ್ನೇ ಪಾನಶೇತಿಗಿಂತ ಮೊದಲು, ಪಾನಶೇತಿನ ನಂತರ ಎಂದು ಅಳೆಯುತ್ತದೆ. ಅಲ್ಲಿಯವರೆಗೆ ಅದು ನನಗೆ ವಾರಾಂತ್ಯದಲ್ಲಿ ಕಾರು ತೆಗೆದುಕೊಂಡು ಹೋಗುವ ಒಂದು ಜಾಗವಾಗಿತ್ತು, ಅಷ್ಟೇ. ಆಜಿಯ ಮಾತು ಕೇಳಿದ ಮೇಲೆ ಈ ಊರಿನ ನೀರಿನ ಚರಿತ್ರೆಯನ್ನು ಓದತೊಡಗಿದೆ.

ಆ ಚರಿತ್ರೆ ಶುರುವಾಗುವುದು ನಮ್ಮ ನೆಲಮಾಳಿಗೆಗೆ ನೀರು ಕಳಿಸಿದ ಅದೇ ಕಾತ್ರಜ್ ಗುಡ್ಡದಿಂದ. ಹದಿನೆಂಟನೆಯ ಶತಮಾನದ ನಡುವಿನಲ್ಲಿ ನಾನಾಸಾಹೇಬ್ ಪೇಶ್ವೆ, ಅಂದರೆ ಬಾಳಾಜಿ ಬಾಜೀರಾವ್, ಕಾತ್ರಜಿನಲ್ಲಿ ಕೆರೆ ಕಟ್ಟಿಸಿ ಅಲ್ಲಿಂದ ಶನಿವಾರವಾಡೆಯವರೆಗೆ ನೆಲದಡಿಯ ಕಾಲುವೆ ತಂದರು. ಕಲ್ಲು ಗಾರೆಯ ಕಾಲುವೆ, ಆಳು ಒಳಗೆ ನಡೆದುಹೋಗಿ ಹೂಳು ತೆಗೆಯುವಷ್ಟು ಎತ್ತರ. ಅಲ್ಲಲ್ಲಿ ಗಾಳಿಗಂಡಿಗಳು, ಕೆಸರು ತಂಗಲು ಬಾವಿಯಂಥ ಗುಂಡಿಗಳು. ಪೇಟೆಗಳಲ್ಲಿ ಅದರ ನೀರು ಬಂದು ಬೀಳುತ್ತಿದ್ದ ಕಲ್ಲಿನ ತೊಟ್ಟಿಗಳಿಗೆ ಹೌದ ಎಂದು ಹೆಸರು. ಕಾಳಾ ಹೌದ, ಬದಾಮಿ ಹೌದ, ನಾನಾ ಹೌದ. ಇಡೀ ವ್ಯವಸ್ಥೆಯಲ್ಲಿ ಒಂದು ಚಕ್ರವಿಲ್ಲ, ಒಂದು ಯಂತ್ರವಿಲ್ಲ. ಎತ್ತರದಿಂದ ತಗ್ಗಿಗೆ ನೀರು ತಾನಾಗಿ ಹರಿಯಬೇಕು, ಅಷ್ಟೇ.

ಎರಡನೆಯ ಅಧ್ಯಾಯ ಬ್ರಿಟಿಷರದು. ಮುಠಾ ನದಿಗೆ ಅಡ್ಡಲಾಗಿ ಖಡಕ್ವಾಸ್ಲಾದಲ್ಲಿ ಕಲ್ಲಿನ ಅಣೆಕಟ್ಟು 1879ರಲ್ಲಿ ಮುಗಿಯಿತು. ಅದರ ಹಿಂದಿನ ಜಲಾಶಯವನ್ನು ಲೇಕ್ ಫೈಫ್ ಎನ್ನುತ್ತಿದ್ದರು. ಅಲ್ಲಿಂದ ಕಾಲುವೆಯಲ್ಲಿ ಬಂದ ನೀರು ಮುಂದೆ ನಲ್ಲಿಗಳಲ್ಲಿ ಮನೆಮನೆ ತಲುಪಿತು. ಇಲ್ಲಿ ನಮ್ಮವರೊಬ್ಬರ ಕೈಯೂ ಇದೆ. ಪುಣೆಯ ಕಾಲೇಜ್ ಆಫ್ ಸೈನ್ಸಿನಲ್ಲಿ ಇಂಜಿನಿಯರಿಂಗ್ ಓದಿ, ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿದ್ದ ಎಂ. ವಿಶ್ವೇಶ್ವರಯ್ಯನವರು ನೀರು ಒಂದು ಮಟ್ಟ ಮೀರಿದಾಗ ತಾವಾಗಿ ತೆರೆದುಕೊಂಡು, ಇಳಿದಾಗ ತಾವಾಗಿ ಮುಚ್ಚಿಕೊಳ್ಳುವ ಬಾಗಿಲುಗಳನ್ನು ರೂಪಿಸಿದರು. ಅವನ್ನು ಮೊದಲು ಕೂರಿಸಿದ್ದು ಖಡಕ್ವಾಸ್ಲಾದಲ್ಲಿ, 1903ರಲ್ಲಿ. ಅಣೆಕಟ್ಟನ್ನು ಎತ್ತರಿಸದೆಯೇ ಹೆಚ್ಚು ನೀರು ಹಿಡಿದಿಡುವ ಉಪಾಯ ಅದು. ಅದೇ ಬಗೆಯ ಬಾಗಿಲುಗಳು ಆಮೇಲೆ ಕನ್ನಂಬಾಡಿಗೂ ಬಂದವು.

ಊರು ಬೆಳೆಯಿತು. ಇನ್ನೂ ನೀರು ಬೇಕಾಯಿತು. ಖಡಕ್ವಾಸ್ಲಾದ ಮೇಲ್ಭಾಗದಲ್ಲಿ, ಮುಠಾದ ಉಪನದಿಯಾದ ಅಂಬಿಗೆ ಪಾನಶೇತಿನಲ್ಲಿ ಮಣ್ಣಿನ ಅಣೆಕಟ್ಟು ಕಟ್ಟುವ ಕೆಲಸ 1957ರಲ್ಲಿ ಆರಂಭವಾಯಿತು. ಮುಗಿಯಬೇಕಾದದ್ದು 1962ಕ್ಕೆ. ಆದರೆ 1961ರ ಮಳೆಗಾಲದ ನೀರನ್ನೇ ಹಿಡಿಯಬೇಕೆಂಬ ಅವಸರದಲ್ಲಿ, ನೀರು ಹೊರಬಿಡುವ ಬಾಗಿಲಿನ ಕೆಲಸ ಪೂರ್ತಿಯಾಗದಿರುವಾಗಲೇ ಜಲಾಶಯ ತುಂಬಿತು. ನೀರು ಹೊರಹೋಗುವ ಸುರಂಗದ ಮೇಲೆ ಮಣ್ಣು ಕುಸಿಯತೊಡಗಿತು. ಸೇನೆಯ ಜವಾನರು ಇಡೀ ರಾತ್ರಿ ಮರಳಿನ ಚೀಲ ಒಟ್ಟಿ ಹಿಡಿದರು. ಅವರು ಗಳಿಸಿಕೊಟ್ಟ ಆ ಕೆಲವು ಗಂಟೆಗಳಿಂದಾಗಿ ಅಣೆಕಟ್ಟು ಒಡೆದದ್ದು ಊರು ಮಲಗಿದ್ದಾಗ ಅಲ್ಲ, ಎದ್ದ ಮೇಲೆ. 1961ರ ಜುಲೈ 12ರ ಬೆಳಿಗ್ಗೆ ಪಾನಶೇತ್ ಒಡೆಯಿತು. ಆ ನೀರೆಲ್ಲ ಬಂದು ಅಪ್ಪಳಿಸಿದಾಗ ಕೆಳಗಿನ ಖಡಕ್ವಾಸ್ಲಾ ಕೂಡ ಅದೇ ದಿನ ಒಡೆಯಿತು. ಶನಿವಾರ ಪೇಟೆ, ನಾರಾಯಣ ಪೇಟೆ, ಡೆಕ್ಕನ್ ಜಿಮಖಾನಾ, ನದಿಯ ಎರಡೂ ದಂಡೆಗಳು ಮುಳುಗಿದವು. ಮಣ್ಣಿನ ಗೋಡೆಯ ವಾಡೆಗಳು ನೆನೆದು ಕುಸಿದವು. ಸತ್ತವರು ಸುಮಾರು ಸಾವಿರ ಎಂಬ ಅಂದಾಜಿದೆ.

ಆ ದಿನ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಬದುಕಿದ್ದರು. ಶತಮಾನೋತ್ಸವ ಹಿಂದಿನ ವರ್ಷವೇ ನಡೆದಿತ್ತು. ತಾವು ಮೊದಲ ಬಾಗಿಲು ಕೂರಿಸಿದ ಅಣೆಕಟ್ಟಿಗೆ ಹೀಗಾಯಿತೆಂಬ ಸುದ್ದಿ ಅವರ ಬದುಕಿನ ಕಾಲದಲ್ಲೇ ಬಂತು. ಮುಂದಿನ ಏಪ್ರಿಲಿನಲ್ಲಿ ತೀರಿಕೊಂಡರು.

ಪಾನಶೇತಿನ ಬಗ್ಗೆ ಬರೆದವರು ಹೆಚ್ಚಾಗಿ ಬರೆದಿರುವುದು ಪ್ರವಾಹದ ಆ ಒಂದು ದಿನವನ್ನು ಕುರಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಜುಲೈ 13. ನೆರೆ ಇಳಿಯಿತು. ಈಗ ಊರು ಏನು ಕುಡಿಯಬೇಕು? ನಲ್ಲಿಗೆ ನೀರು ಕೊಡುತ್ತಿದ್ದ ಜಲಾಶಯವೇ ಇಲ್ಲ. ಇದು ಪೈಪು ಒಡೆದ ತೊಂದರೆಯಲ್ಲ. ಮೂಲವೇ ಬರಿದಾದ ತೊಂದರೆ. ತಗ್ಗಿನ ಪೇಟೆಗಳಲ್ಲಿ ವಿದ್ಯುತ್ತೂ ಇಲ್ಲ. ಬೀದಿಯಲ್ಲಿ ಕೆಸರು, ಸತ್ತ ದನಗಳು.

ಆಗ ಊರನ್ನು ಕಾಪಾಡಿದ್ದು ಹೊಸ ಪುಣೆ ಮರೆತಿದ್ದ ಹಳೆಯ ಪುಣೆ. ಇನ್ನೂರು ವರ್ಷ ಹಳೆಯ ಕಾತ್ರಜ್ ಕಾಲುವೆಯ ನೀರು, ಹೌದಗಳು, ವಾಡೆಗಳ ಹಿತ್ತಲಿನ ಬಾವಿಗಳು ಮತ್ತೆ ಉಪಯೋಗಕ್ಕೆ ಬಂದವು. ನಲ್ಲಿ ಬಂದ ಮೇಲೂ ಯಾರೂ ಅವನ್ನು ಪೂರ್ತಿ ಮುಚ್ಚಿರಲಿಲ್ಲ. ಇದು ದೂರಾಲೋಚನೆಯೇನಲ್ಲ. ಮುಚ್ಚುವುದಕ್ಕೆ ಯಾರಿಗೂ ಅವಸರವಿರಲಿಲ್ಲ, ಅಷ್ಟೇ.

ಆಜಿಗೆ ಆಗ ಹನ್ನೆರಡು ವರ್ಷ. ಅವರ ವಾಡೆ ಕಸಬಾ ಪೇಟೆಯ ಎತ್ತರದ ಕಡೆಗಿತ್ತು, ಮುಳುಗಲಿಲ್ಲ. ಶನಿವಾರ ಪೇಟೆಯ ನೆಂಟರು ಉಟ್ಟ ಬಟ್ಟೆಯಲ್ಲಿ ಬಂದರು. ಎರಡು ಕೋಣೆಯಲ್ಲಿ ಹದಿನೇಳು ಜನ. ಬಾವಿಯ ನೀರಿಗೆ ಕೆಂಪು ಔಷಧಿ ಹಾಕಿಸಿದರು. ಆದರೂ ಆಜಿಯ ಅಜ್ಜಿ ಕಾಸದ ನೀರನ್ನು ಒಬ್ಬರ ಬಾಯಿಗೂ ಬಿಡಲಿಲ್ಲ. ಬೆಳಗಿನಿಂದ ಇದ್ದಲಿನ ಸಿಗಡಿಯ ಮೇಲೆ ಪಾತೇಲೆ. ಕುದಿದದ್ದನ್ನು ಹಿತ್ತಾಳೆಯ ಕೊಳಗದಲ್ಲಿ ಮುಚ್ಚಿಟ್ಟು, ಮುಟ್ಟುವ ಅಧಿಕಾರ ಒಬ್ಬಳು ಸೊಸೆಗೆ ಮಾತ್ರ. ಇದ್ದಲು ಅಟ್ಟದ ಮೇಲಿತ್ತು. ಮಳೆಗಾಲಕ್ಕೆ ಮೊದಲೇ ತುಂಬಿಸಿಡುವುದು ಆ ಮನೆಯ ಪದ್ಧತಿ. "ನಮಗೆ ಅದು ಸಿದ್ಧತೆ ಅನ್ನಿಸಲೇ ಇಲ್ಲ. ಮಳೆಗಾಲ ಅಂದರೆ ಹಾಗೇ," ಎಂದರು ಆಜಿ.

ನನ್ನ ಅವ್ವನೂ ಇದನ್ನೇ ಹೇಳಿದಂತಾಯಿತಲ್ಲ ಎನ್ನಿಸಿತು. ಧಾರವಾಡದ ಮನೆಯ ಬಚ್ಚಲಲ್ಲಿ ಹೂತಿಟ್ಟ ಹಂಡೆ, ಅದರ ಕೆಳಗೆ ಕಟ್ಟಿಗೆ, ಅಡಿಗೆಮನೆಯಲ್ಲಿ ಗ್ಯಾಸ್ ಬಂದ ಮೇಲೂ ಮೂಲೆಯಲ್ಲಿ ಉಳಿದುಕೊಂಡ ಪಂಪ್ ಸ್ಟವ್. ಅವಳ ಲೆಕ್ಕದಲ್ಲಿ ಬೆಂಕಿ ಮನೆಯ ಸೊತ್ತು. ನನ್ನ ಲೆಕ್ಕದಲ್ಲಿ ಅದು ತಂತಿಯಲ್ಲಿ ಬರುವ ಸೇವೆ.

ಹಾಗಂತ ಹಳೆಯದೆಲ್ಲ ಚಿನ್ನ ಎಂದು ಹೇಳಲು ಹೊರಟಿಲ್ಲ. ಆ ಸಿಗಡಿಯ ಹೊಗೆ ಕುಡಿದವರು ಹೆಂಗಸರು. ಬಾವಿಯಿಂದ ಸೇದಿದವರೂ ಅವರೇ. ಮಹಾಪೂರದಲ್ಲಿ ಎಲ್ಲ ಕಳೆದುಕೊಂಡ ನದಿದಂಡೆಯ ಬಡವರಿಗೆ ಅಟ್ಟವೂ ಇರಲಿಲ್ಲ, ಅಟ್ಟದ ಮೇಲೆ ಇದ್ದಲೂ ಇರಲಿಲ್ಲ. ಕಾಸಿದ ನೀರು ಅಂದೂ ಇಂದೂ ಉರುವಲು ಇದ್ದವರ ಸೌಭಾಗ್ಯ. ಹಳೆಯ ಮನೆಯಿಂದ ಕಲಿಯಬೇಕಾದದ್ದು ಇದೊಂದೇ: ಅಲ್ಲಿ ನೀರಿಗೆ ಎರಡು ದಾರಿಗಳಿದ್ದವು, ಬೆಂಕಿಗೂ ಎರಡು. ಒಂದು ಮುಚ್ಚಿದರೆ ಇನ್ನೊಂದು. ನಾನು ಆಫೀಸಿನಲ್ಲಿ ಸರ್ವರುಗಳಿಗೆ ಕಡ್ಡಾಯ ಮಾಡಿದ್ದ ನಿಯಮವೂ ಇದೇ. ಮನೆಯಲ್ಲಿ ಮಾತ್ರ ನೀರು ಎತ್ತುವುದು, ಸೋಸುವುದು, ಕಾಸುವುದು ಮೂರನ್ನೂ ಒಂದೇ ತಂತಿಗೆ ಕಟ್ಟಿದ್ದೆ.

ನೀರು ಕಾಸುವುದರ ಹಿಂದಿನ ವಿಜ್ಞಾನವೂ ನಮ್ಮ ನೆಲಕ್ಕೆ ಹತ್ತಿರದ್ದು. ಜರ್ಮನಿಯ ರಾಬರ್ಟ್ ಕಾಖ್ ಕಾಲರಾದ ರೋಗಾಣುವನ್ನು ಬೆನ್ನಟ್ಟಿ ಕಲ್ಕತ್ತೆಗೆ ಬಂದು, 1884ರಲ್ಲಿ ಅಲ್ಲಿನ ಜನ ಕುಡಿಯಲು, ಸ್ನಾನಕ್ಕೆ, ಬಟ್ಟೆ ಒಗೆಯಲು ಬಳಸುತ್ತಿದ್ದ ಕೆರೆಯ ನೀರಿನಲ್ಲಿಯೇ ಅದನ್ನು ಕಂಡ. ಕುದಿಸಿದರೆ ಸಾಯುವ ಜೀವಿ ಅದು. ಕಾಲರಾ, ವಿಷಮಶೀತ ಜ್ವರ, ಆಮಶಂಕೆ, ನನ್ನ ಮಗಳಿಗೆ ಬಂದ ಕಾಮಾಲೆ, ಇವೆಲ್ಲವುಗಳ ರೋಗಾಣುಗಳಿಗೂ ಕುದಿಯುವ ನೀರು ಸಾಕು. ಹತ್ತು ಹದಿನೈದು ನಿಮಿಷ ಕುದಿಸಬೇಕೆಂಬುದು ಹಳೆಯ ನಂಬಿಕೆ. ನೀರು ದೊಡ್ಡ ಗುಳ್ಳೆಗಳೆದ್ದು ಕೊತಕೊತ ಕುದಿಯತೊಡಗಿದ ಮೇಲೆ ಒಂದು ನಿಮಿಷ ಬಿಟ್ಟರಾಯಿತು. ಎರಡು ಸಾವಿರ ಮೀಟರಿಗಿಂತ ಎತ್ತರದ ಬೆಟ್ಟದೂರುಗಳಲ್ಲಿ ಮೂರು ನಿಮಿಷ. ಉರುವಲು ಕಡಿಮೆ ಇರುವ ಹೊತ್ತಿನಲ್ಲಿ ಇದು ಸಣ್ಣ ವಿಷಯವಲ್ಲ.

ಬಟ್ಟೆಯಲ್ಲಿ ಸೋಸುವುದೂ ವ್ಯರ್ಥವಲ್ಲ. ಹಳೆಯ ಹತ್ತಿ ಸೀರೆಯನ್ನು ಕನಿಷ್ಠ ನಾಲ್ಕು ಮಡಿಕೆಯಾಗಿ ಮಡಿಸಿ ನೀರು ಸೋಸಿದ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಕಾಲರಾ ಸುಮಾರು ಅರ್ಧಕ್ಕೆ ಇಳಿದದ್ದನ್ನು ರೀಟಾ ಕಾಲ್ವೆಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ಕಾಲರಾದ ರೋಗಾಣು ನೀರಿನಲ್ಲಿ ಸಣ್ಣ ಸಣ್ಣ ಜೀವಿಗಳಿಗೆ ಅಂಟಿಕೊಂಡಿರುತ್ತದೆ, ಅವು ಬಟ್ಟೆಗೆ ಸಿಗುತ್ತವೆ. ಆದರೆ ಕಾಮಾಲೆಯ ವೈರಸ್ ಎಷ್ಟು ಮಡಿಕೆಗೂ ಸಿಗುವುದಿಲ್ಲ. ಸೋಸುವುದು ಕಾಸುವುದಕ್ಕೆ ಮೊದಲ ಮೆಟ್ಟಿಲು, ಬದಲಿಯಲ್ಲ. ನಾನು ಆ ಸಂಜೆ ಮೊದಲ ಮೆಟ್ಟಿಲಿನಲ್ಲೇ ನಿಂತುಬಿಟ್ಟಿದ್ದೆ. ಇನ್ನೂ ಒಂದು ಮಾತಿದೆ. ಕುದಿಸಿದರೆ ಪೆಟ್ರೋಲು, ಡೀಸೆಲ್, ಕೀಟನಾಶಕ ಹೋಗುವುದಿಲ್ಲ. ವಾಹನಗಳು ಮುಳುಗಿದ ನೆಲಮಾಳಿಗೆಯ ನೀರು ಸೇರಿದ ಸಂಪಿನಿಂದ ಎಣ್ಣೆಯ ವಾಸನೆ ಬಂದರೆ ಅದನ್ನು ಕಾಸಿಯೂ ಕುಡಿಯಬಾರದು.

ಇನ್ನು ಲೆಕ್ಕ. ಹತ್ತು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ತನಕ ಕಾಸಲು ನಷ್ಟವೆಲ್ಲ ಸೇರಿ ಸುಮಾರು ಒಂದು ಯೂನಿಟ್ ವಿದ್ಯುತ್ ಬೇಕು. ಮನೆಯ ಇನ್ವರ್ಟರಿನ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ ಇರುವುದೇ 1.8 ಯೂನಿಟ್. ಅದೂ ಹೋಗಲಿ, ಫ್ಯಾನು ದೀಪಗಳಿಗೆಂದು ಹಾಕಿಸಿದ ಇನ್ವರ್ಟರ್ ಸಾವಿರದೈನೂರು ವ್ಯಾಟಿನ ಇಂಡಕ್ಷನ್ ಹಚ್ಚಿದ ಕೂಡಲೇ ಕೈಚೆಲ್ಲುತ್ತದೆ. ಅದೇ ಹತ್ತು ಲೀಟರಿಗೆ ಎಲ್‌ಪಿಜಿ ಬೇಕಾಗುವುದು, ಅರ್ಧ ಶಾಖ ಗಾಳಿಗೆ ಹೋಯಿತೆಂದರೂ, ನೂರ ನಲವತ್ತು ಗ್ರಾಂ ಮಾತ್ರ. 5 ಕಿಲೋದ ಸಣ್ಣ ಸಿಲಿಂಡರಿನಲ್ಲಿ 350 ಲೀಟರ್ ಕಾಸಬಹುದು. ದಿನಕ್ಕೆ 12 ಲೀಟರ್ ಕುಡಿಯುವ ನೀರು ಬೇಕಾದ ನಾಲ್ವರ ಮನೆಗೆ ಅದು ಸುಮಾರು ಒಂದು ತಿಂಗಳು ಬಂತು. ಇಷ್ಟು ಲೆಕ್ಕ ಹಾಕಲು ಎಂಟೆಕ್ ಬೇಕಿರಲಿಲ್ಲ. ನಾನು ಹಾಕಿರಲಿಲ್ಲ ಅಷ್ಟೇ.

ಈಗ ನಮ್ಮ ಮನೆಯಲ್ಲಿ ಒಂದು ಸಣ್ಣ ಸಿಲಿಂಡರ್ ಮತ್ತು ಒಂಟಿ ಒಲೆ ಇದೆ, ಲೈಟರ್ ಕೆಟ್ಟರೆ ಇರಲೆಂದು ಡಬ್ಬಿಯಲ್ಲಿ ಬೆಂಕಿಪೊಟ್ಟಣವೂ ಇದೆ. ಮುಚ್ಚಳವಿರುವ 20 ಲೀಟರಿನ ಎರಡು ಕ್ಯಾನುಗಳನ್ನು ಜೂನಿನಿಂದ ಅಕ್ಟೋಬರಿನವರೆಗೆ ತುಂಬಿಡುತ್ತೇವೆ, ತಿಂಗಳಿಗೊಮ್ಮೆ ಬದಲಿಸುತ್ತೇವೆ. ಒಲೆಯೂ ಇಲ್ಲದಾಯಿತೆನ್ನಿ, ಕ್ಲೋರಿನ್ ಮಾತ್ರೆಗಳಿವೆ. ಚೀಟಿಯ ಮೇಲಿನ ಅಳತೆಯಂತೆ ಹಾಕಿ ಅರ್ಧ ಗಂಟೆ ಕಾಯಬೇಕು. ಪಾರದರ್ಶಕ ಬಾಟಲಿಯಲ್ಲಿ ನೀರು ತುಂಬಿ ಆರು ಗಂಟೆ ಬಿಸಿಲಿಗಿಡುವ ಉಪಾಯವೂ ಒಳ್ಳೆಯದೇ. ಆದರೆ ನಮ್ಮಲ್ಲಿ ನೆರೆ ಬರುವುದು ಬಿಸಿಲಿನಲ್ಲಲ್ಲವಲ್ಲ! ಇದ್ದಲಿನ ಸಿಗಡಿ ಇಡುವವರಿಗೆ ಒಂದು ಎಚ್ಚರಿಕೆ: ಕಿಟಕಿ ಮುಚ್ಚಿದ ಫ್ಲ್ಯಾಟಿನೊಳಗೆ ಅದನ್ನು ಹಚ್ಚಬೇಡಿ. ಅದರ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ವಾಡೆಯ ಗಾಳಿಗೂ ನಮ್ಮ ಗಾಜಿನ ಬಾಲ್ಕನಿಗೂ ವ್ಯತ್ಯಾಸವಿದೆ.

ನಮ್ಮ ಕಟ್ಟಡದ ಸಭೆಯಲ್ಲಿ ಮೀಟರುಗಳನ್ನು ನೆಲಮಾಳಿಗೆಯಿಂದ ಮೇಲಕ್ಕೆ ತರಬೇಕೆಂದು ಎರಡು ವರ್ಷ ವಾದಿಸಿ ಗೆದ್ದೆ. ಸಂಪಿನ ಬಾಯನ್ನು ಎತ್ತರಿಸುವ ಕೆಲಸವೂ ಆಯಿತು. ಅಂಗಳದ ಮೂಲೆಯಲ್ಲಿದ್ದ ಹಳೆಯ ಬಾವಿಯನ್ನು ತುಂಬಿಸಿ ಇನ್ನೆರಡು ಕಾರಿಗೆ ಜಾಗ ಮಾಡೋಣ ಎಂಬ ಸಲಹೆ ಬಂದಾಗ ಆಜಿ ಎದ್ದು ನಿಂತು, "ಬಾವಿ ಊಟ ಕೇಳುತ್ತದೆಯೇ? ಇರಲಿ ಬಿಡಿ," ಎಂದರು. ಬಾವಿ ಉಳಿಯಿತು.

ಆಫೀಸಿನಲ್ಲಿ ಮಾಡುವ ತಾಲೀಮನ್ನು ಈಗ ಮನೆಯಲ್ಲೂ ಮಾಡುತ್ತೇವೆ, ವರ್ಷಕ್ಕೊಮ್ಮೆ, ಜುಲೈ 12ರ ಸಂಜೆ. ಮೇನ್ ಸ್ವಿಚ್ ಆರಿಸುತ್ತೇನೆ. ಮಗಳು ಒಂಟಿ ಒಲೆಯನ್ನು ಕಟ್ಟೆಯ ಮೇಲಿಟ್ಟು, ಕಿಟಕಿ ತೆರೆದು, ಕ್ಯಾನಿನಿಂದ ನೀರು ಬಗ್ಗಿಸಿ ಕಾಸುತ್ತಾಳೆ. ಕಳೆದ ಸಲ ಅವ್ವನೂ ಧಾರವಾಡದಿಂದ ಬಂದಿದ್ದಳು. ಕತ್ತಲೆಯಲ್ಲಿ ಕುರ್ಚಿ ಎಳೆದುಕೊಂಡು ಕೂತು ಎಲ್ಲವನ್ನೂ ನೋಡಿದಳು.

"ಇದನ್ನ ಕಲೀಲಿಕ್ಕೆ ಒಂದು ದಿನಾನ ಇಟ್ಟೀರೇನಪಾ?" ಎಂದು ನಕ್ಕಳು. ಆಮೇಲೆ ಮೊಮ್ಮಗಳಿಗೆ, "ಮುಚ್ಚಳ ಹಾಕು ತಂಗೀ, ಬೇಗ ಕುದೀತದ," ಎಂದಳು.